ಪಿಸುಮಾತಿನ ಮನೆ

ನನ್ನ ಅಕ್ಕನ ಮನೆಗೆ ಹೋಗುವವರು ಮೊದಲು ಬಾಗಿಲು ತೆಗೆಯುವ ವಿದ್ಯೆ ಕಲಿಯಬೇಕು. ಹಿಡಿಯನ್ನು ಸ್ವಲ್ಪ ಮೇಲಕ್ಕೆತ್ತಿ, ಬಾಗಿಲನ್ನು ಒಮ್ಮೆ ತಮ್ಮ ಕಡೆಗೆ ಎಳೆದುಕೊಂಡು, ಆಮೇಲೆ ಒಳಕ್ಕೆ ತಳ್ಳಬೇಕು. ಹಾಗೆ ಮಾಡಿದರೆ ಕೀಲು ಕಿರುಗುಟ್ಟುವುದಿಲ್ಲ. ಒಳಗೆ ಕಾಲಿಟ್ಟರೆ ನಡುಹಗಲಲ್ಲೂ ನಸುಗತ್ತಲು. ದಪ್ಪ ಪರದೆಗಳ ಸಂದಿಯಿಂದ ಒಂದೆರಡು ಗೆರೆ ಬಿಸಿಲು ನೆಲಕ್ಕೆ ಇಳಿದಿರುತ್ತದೆ. ಅದರೊಳಗೆ ಧೂಳಿನ ಕಣಗಳು ತಮ್ಮ ಪಾಡಿಗೆ ತಾವು ತೇಲುತ್ತಿರುತ್ತವೆ. ಕುರ್ಚಿ ಮೇಜುಗಳ ಕಾಲಿಗೆಲ್ಲ ಬಟ್ಟೆಯ ಚೀಲ ತೊಡಿಸಿದೆ. ಅವನ್ನು ಹೊಲಿದುಕೊಟ್ಟವಳು ನಾನೇ. ನಾನು ಟೈಲರ್, ಮನುಷ್ಯರಿಗೆ ಹೊಲಿದದ್ದು ಸಾಲದು ಅಂತ ಅಕ್ಕನ ಮನೆಯ ಕುರ್ಚಿಗಳಿಗೂ ಹೊಲಿದೆ.

ಇಷ್ಟೆಲ್ಲ ಭಾವನ ನಿದ್ದೆಗಾಗಿ. ಭಾವ ಪತ್ರಿಕೆ ಅಚ್ಚಾಗುವ ಪ್ರೆಸ್ಸಿನಲ್ಲಿ ರಾತ್ರಿ ಪಾಳಿಯ ಯಂತ್ರ ನಡೆಸುವವರು. ಊರು ಏಳುವ ಹೊತ್ತಿಗೆ ಮನೆಗೆ ಬಂದು, ಕಿಟಕಿಯ ಪಕ್ಕ ಕೂತು ಒಂದು ಲೋಟ ಚಹಾ ಕುಡಿದು ಮಲಗಿದರೆ, ಏಳುವುದು ಇಳಿಹೊತ್ತಿಗೆ. ಮದುವೆಯಾದ ಹೊಸದರಲ್ಲಿ ಅತ್ತೆ ಅಕ್ಕನಿಗೆ ಹೇಳಿದ ಮೊದಲ ಬುದ್ಧಿಮಾತೇ ಅವನ ನಿದ್ದೆ ಕೆಡಿಸಬೇಡ ಎಂದು. ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಯಿತು, ಆದರೆ ಆ ಮಾತು ಮಾತ್ರ ಮನೆ ಬಿಟ್ಟು ಹೋಗಲಿಲ್ಲ. ಅಕ್ಕ ಪಿಸುದನಿಯಲ್ಲಿ ಮಾತಾಡುವುದನ್ನು ಕಲಿತಳು. ಹುಟ್ಟಿದ ಮಗಳು ಮೆತ್ತಗೆ ಅಳುವುದನ್ನು ಕಲಿತಳು. ಮಾತಿನ ಬದಲು ಕೈಸನ್ನೆ ಬಂತು. ಹೆಬ್ಬೆರಳನ್ನು ಬಾಯಿಯ ಕಡೆ ತೋರಿಸಿದರೆ ಚಹಾ, ಎರಡು ಬೆರಳು ನಡೆಸಿದರೆ ಹೊರಗೆ ಹೋಗಿಬರುತ್ತೇನೆ, ಅಂಗೈಯನ್ನು ಕೆನ್ನೆಗೆ ಒತ್ತಿದರೆ ಅಪ್ಪ ಮಲಗಿದ್ದಾರೆ. ಭಾವ ಎಚ್ಚರವಿದ್ದಾಗಲೂ ಅದೇ ರೂಢಿ ನಡೆಯಿತು. ನಾನು ಹೋದರೆ ಮೂವರೂ ನನ್ನ ಕಡೆ ತಿರುಗಿ ತುಟಿಯ ಮೇಲೆ ಬೆರಳಿಡುತ್ತಿದ್ದರು, ಭಾವನೂ ಸೇರಿ.

ಇದರಲ್ಲಿ ನನಗೆ ಸಿಟ್ಟು ಬರಿಸುತ್ತಿದ್ದದ್ದು ಒಂದೇ. ನಮ್ಮಮ್ಮನ ಮನೆಯಲ್ಲಿ ಅಕ್ಕನಿಗೆ ತುತ್ತೂರಿ ಎಂದು ಅಡ್ಡಹೆಸರು. ಅವಳು ಮಹಡಿಯ ಮೇಲಿಂದ ಕೂಗಿದರೆ ಬೀದಿಯ ಆ ತುದಿಯಲ್ಲಿ ಆಡುತ್ತಿದ್ದ ನಾನು ಏದುಸಿರು ಬಿಡುತ್ತ ಓಡಿ ಬರುತ್ತಿದ್ದೆ. ನನ್ನ ಜೊತೆಗೆ ಬೇರೆಯವರ ಮನೆ ಮಕ್ಕಳೂ ಹೆದರಿ ಅವರವರ ಮನೆಗೆ ಓಡುತ್ತಿದ್ದರು. ಅಂಥ ಬಾಯಿಬಡುಕಿಯ ಬಾಯಿಗೆ ಬೀಗ ಬಿದ್ದದ್ದು ಯಾವಾಗ ಎಂದು ಯಾರೂ ಗಮನಿಸಲಿಲ್ಲ. ಕೆಳಗಿನ ಮನೆಯ ಡ್ರೈವರನ ಹೆಂಡತಿಯಂತೂ ಮೇಲೆ ಏನೋ ದೊಡ್ಡ ಗುಟ್ಟು ನಡೆಯುತ್ತಿದೆ ಎಂದುಕೊಂಡು, ಅದನ್ನು ತಿಳಿದುಕೊಳ್ಳಲು ಸಕ್ಕರೆ ಕೇಳುವ ನೆಪದಲ್ಲಿ ಆಗಾಗ ಮೆಟ್ಟಿಲು ಹತ್ತುತ್ತಿದ್ದಳು.

ಮಗಳು ಓದಲು ಬೇರೆ ಊರಿಗೆ ಹೋದ ಮೇಲೆ ಆ ಮನೆಯಲ್ಲಿ ಕೈಸನ್ನೆಗೂ ಕೆಲಸವಿಲ್ಲದಂತಾಯಿತು. ಅಕ್ಕ ಕಿಟಕಿಯ ಪರದೆಯ ಹಿಂದೆ ನಿಂತು ಬೀದಿ ನೋಡುತ್ತ ಗಂಟೆಗಟ್ಟಲೆ ಕಳೆದುಬಿಡುತ್ತಿದ್ದಳು. ಎಚ್ಚರವಾಗಿಯೇ ಕನಸು ಕಾಣುವ ಕಾಯಿಲೆ ಅಂಟಿಕೊಂಡಿದೆ ನಿನಗೆ, ಎಲ್ಲಾದರೂ ಕೆಲಸಕ್ಕೆ ಸೇರು ಎಂದು ಬೈದವಳು ನಾನೇ. ಆಗ ನಮ್ಮ ಮುಖ್ಯ ರಸ್ತೆಯ ದೊಡ್ಡ ದಿನಸಿ ಅಂಗಡಿಯವರು ಗಾಜಿಗೆ ಚೀಟಿ ಅಂಟಿಸಿದ್ದರು. ಎರಡು ಕೆಲಸ ಖಾಲಿ ಇದೆ, ಅನುಭವ ಬೇಕಿಲ್ಲ. ಒಂದು ಹಗಲು ಹೊತ್ತು ಬಿಲ್ ಹಾಕುವ ಕೌಂಟರಿನಲ್ಲಿ. ಇನ್ನೊಂದು ಅಂಗಡಿ ತೆರೆಯುವ ಮುಂಚೆ, ಬೆಳಗಿನ ಜಾವದಲ್ಲಿ, ರ್‍ಯಾಕುಗಳಿಗೆ ಸಾಮಾನು ಜೋಡಿಸುವುದು. ಸಂಬಳದಲ್ಲಿ ಅಂಥ ವ್ಯತ್ಯಾಸವೇನಿರಲಿಲ್ಲ. ಕೂದಲಿಗೆ ಪೆನ್ನು ಸಿಕ್ಕಿಸಿಕೊಂಡು ಓಡಾಡುವ ಅಲ್ಲಿನ ಮ್ಯಾನೇಜರ್ ಮೇಡಂ ಒಳ್ಳೆಯ ಹೆಂಗಸು. ಎರಡನ್ನೂ ಒಂದೆರಡು ದಿನ ಮಾಡಿ ನೋಡಿ, ವಾರದ ಕೊನೆಗೆ ಯಾವುದು ಬೇಕೋ ಹೇಳಿ ಎಂದಳು.

ಮೊದಲು ಕೌಂಟರ್. ನೋಡಿಕೊಂಡು ಬರೋಣವೆಂದು ಹೊಲಿಗೆ ಬಿಟ್ಟು ನಾನೂ ಹೋದೆ. ಅಂಗಡಿಯ ಒಳಗೆ ಟ್ರಾಲಿಗಳ ಗಡಗಡ, ಮಕ್ಕಳ ರಂಪ, ಬಿಲ್ಲಿನ ಯಂತ್ರಗಳ ಟೀ ಟೀ. ಆದರೆ ಕೊನೆಯ ಕೌಂಟರಿನ ಸುತ್ತ ಮಾತ್ರ ಒಂದು ವಿಚಿತ್ರ ಶಾಂತಿ. ಅಕ್ಕ ಚೀಲ ಬೇಕೇ ಎಂದು ಪಿಸುಗುಟ್ಟುತ್ತಿದ್ದಳು. ಗಿರಾಕಿಗಳು ಏನೋ ಖಾಸಗಿ ವಿಷಯವಿರಬೇಕು ಎಂದುಕೊಂಡು ಮುಂದಕ್ಕೆ ಬಾಗಿ, ಬೇಡ ಎಂದು ತಾವೂ ಪಿಸುಗುಟ್ಟುತ್ತಿದ್ದರು. ಅವರ ಹಿಂದಿನವರಿಗೂ ಅದು ಹತ್ತಿತು. ಸಾಲಿಗೆ ಸಾಲೇ ಉಸಿರು ಬಿಗಿಹಿಡಿದು ನಿಂತಿತ್ತು. ಒಬ್ಬ ಹುಡುಗಿ ಫೋನಿನಲ್ಲಿ ಮಾತಾಡುತ್ತ ಬಂದವಳು, ಸಾಲಿನಲ್ಲಿ ನಿಂತ ಕೂಡಲೇ ಯಾರೋ ಮಲಗಿದ್ದಾರೆ ಎನ್ನುವಂತೆ ದನಿ ತಗ್ಗಿಸಿದಳು. ನನಗೆ ನಗು ತಡೆಯಲಾಗದೆ ಸೋಪಿನ ರ್‍ಯಾಕಿನ ಹಿಂದೆ ಹೋಗಿ ನಿಂತೆ. ಆದರೆ ಬೇಗ ನಗು ನಿಂತಿತು. ಇಬ್ಬರು ಮೂವರು ಏನು ಹೇಳ್ತಿದ್ದೀರಿ, ಸ್ವಲ್ಪ ಬಾಯಿಬಿಟ್ಟು ಹೇಳಿ ಎಂದು ರೇಗಿದರು. ಅಕ್ಕ ಕತ್ತು ಕೆಂಪಗಾಗಿಸಿಕೊಂಡು ಮತ್ತಷ್ಟು ಮೆಲ್ಲಗೆ ಹೇಳಿದಳು. ಈ ಕೆಲಸ ನಿಮಗೆ ಒಗ್ಗುತ್ತದೋ ಇಲ್ಲವೋ ಯೋಚನೆ ಮಾಡಿ ಎಂದು ಮ್ಯಾನೇಜರ್ ಮೇಡಂ ನಯವಾಗಿಯೇ ಎಚ್ಚರಿಸಿದಳಂತೆ.

ಆಮೇಲೆ ಬೆಳಗಿನ ಜಾವದ ಕೆಲಸ. ಅದರ ಬಗ್ಗೆ ಹೇಳುವಾಗ ಅಕ್ಕನ ಮುಖ ನೋಡಬೇಕಿತ್ತು. ಅಂಗಡಿಯ ದೀಪಗಳಲ್ಲಿ ಅರ್ಧ ಮಾತ್ರ ಉರಿಯುತ್ತಿರುತ್ತವಂತೆ. ಹೊರಗೆ ರಸ್ತೆ ನೀಲಿ ಬಣ್ಣಕ್ಕಿರುತ್ತದಂತೆ. ಫ್ರಿಜ್ಜುಗಳು ಗುಂಯ್ ಎನ್ನುತ್ತಿರುತ್ತವೆ, ಅದೂ ಕೊಂಚ ಹೊತ್ತಿಗೆ ಕೇಳಿಸದಂತಾಗುತ್ತದೆ. ಎರಡು ರ್‍ಯಾಕುಗಳ ನಡುವೆ ನಿಂತು ಅಕ್ಕಿಯ ಪೊಟ್ಟಣಗಳನ್ನು ಒಂದರ ಪಕ್ಕ ಒಂದು ಇಡುತ್ತ ಹೋದರೆ, ಕೈ ತನ್ನ ಪಾಡಿಗೆ ಕೆಲಸ ಮಾಡುತ್ತದೆ, ತಾನು ಎಲ್ಲೋ ಇರುತ್ತೇನೆ, ನೀರಿನ ಅಡಿಯಲ್ಲಿ ನಡೆದಾಡಿದ ಹಾಗೆ ಇರುತ್ತದೆ ಕಣೇ ಎಂದಳು. ಗಾಜಿನ ಬಾಟಲಿ ಇಟ್ಟರೂ ಅವಳ ಕೈಯಲ್ಲಿ ಟಿಣ್ ಎನ್ನುತ್ತಿರಲಿಲ್ಲ. ಬಂದಿದ್ದಾಳೋ ಇಲ್ಲವೋ ಎಂದು ಮ್ಯಾನೇಜರ್ ಮೇಡಂ ಎರಡು ಸಲ ಹುಡುಕಿಕೊಂಡು ಬಂದಳಂತೆ. ನಿಮ್ಮಂಥವರು ಸಿಗುವುದೇ ಕಷ್ಟ, ಇದನ್ನೇ ಹಿಡಿದುಬಿಡಿ ಎಂದಳಂತೆ.

ಅಕ್ಕನಿಗೂ ಅದೇ ಇಷ್ಟವಾಗಿತ್ತು. ನನಗೆ ಮಾತ್ರ ಇಷ್ಟವಾಗಲಿಲ್ಲ. ಹಗಲೆಲ್ಲ ಪಿಸುಗುಟ್ಟುವ ಮನೆ, ಬೆಳಗಾದರೆ ಮಾತೇ ಬೇಡದ ಕೆಲಸ. ಇದನ್ನು ಹಿಡಿದಳೆಂದರೆ ನನ್ನಕ್ಕನ ಬಾಯಿಂದ ಇನ್ನು ದನಿ ಎನ್ನುವುದು ಹೊರಡುವುದೇ ಇಲ್ಲ, ಅವಳು ಹೀಗೇ ನೀರಿನಡಿ ನಡೆಯುತ್ತ ನಡೆಯುತ್ತ ನಮ್ಮ ಕೈಗೆ ಸಿಗದೆ ಹೋಗುತ್ತಾಳೆ ಅನ್ನಿಸಿತು. ಹಾಗೇ ಹೇಳಿದೆ. ಕೌಂಟರ್ ಹಿಡಿ, ಬೈಸಿಕೊಂಡರೂ ಪರವಾಗಿಲ್ಲ, ನಾಲ್ಕು ಜನರ ಜೊತೆ ಬಾಯಿ ಬಿಡುವ ಹಾಗಾಗುತ್ತದೆ ಎಂದು ಜಗಳವನ್ನೇ ಆಡಿದೆ. ಜಗಳವೆಂದರೆ ನಾನೊಬ್ಬಳೇ ಆಡಿದ್ದು. ಅವಳು ಅಂಗೈಯನ್ನು ಕೆನ್ನೆಗೆ ಒತ್ತಿ ಒಳಕೋಣೆಯ ಕಡೆ ತೋರಿಸಿದಳು.

ಭಾವನನ್ನು ಕೇಳಿ ನೋಡು ಎಂದೆ. ಸಂಜೆ ಅವರು ಪ್ರೆಸ್ಸಿಗೆ ಹೊರಡಲು ಬೂಟು ಹಾಕಿಕೊಳ್ಳುತ್ತಿದ್ದಾಗ ಅಕ್ಕ ಪಕ್ಕದಲ್ಲಿ ನಿಂತು ಕೇಳಿದಳು, ಬೆಳಗಿನ ಕೆಲಸಕ್ಕೆ ಹೋಗಲೋ, ಕೌಂಟರಿಗೆ ಹೋಗಲೋ ಎಂದು. ಭಾವ ಬೂಟಿನ ದಾರ ಎಳೆಯುತ್ತ ತಲೆಯಾಡಿಸಿದರು.

"ಹೂಂ, ಹಾಗೇ ಮಾಡು," ಎಂದರು.

ಯಾವುದಕ್ಕೆ ಹೂಂ ಎಂದು ನಾವಿಬ್ಬರೂ ಅಡುಗೆಮನೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು. ಭಾವ ಇರುವುದೇ ಹಾಗೆ. ಏನು ಹೇಳಿದರೂ ಹೂಂಗುಟ್ಟುವ ಮನುಷ್ಯ. ಪ್ರತಿಯೊಂದು ಮಾತಿಗೂ ಎದುರುತ್ತರ ಕೊಡುವ ಗಂಡನನ್ನು ಕಟ್ಟಿಕೊಂಡ ನನಗೆ ಅದು ದೊಡ್ಡ ಗುಣವಾಗಿಯೇ ಕಂಡಿತ್ತು.

ಮಾರನೆಯ ದಿನ ಬೆಳಗಿನ ಜಾವ ಅಕ್ಕ ರ್‍ಯಾಕುಗಳ ಸಾಲಿನ ಒಂದು ತುದಿಯಲ್ಲಿದ್ದಳು. ಇನ್ನೊಂದು ತುದಿಯಲ್ಲಿ ಅವಳ ಜೊತೆಗಾತಿ ಏಣಿಯ ಮೇಲೆ ನಿಂತು ಡಬ್ಬಗಳನ್ನು ಸರಿಪಡಿಸುತ್ತಿದ್ದಳು. ಅವಳ ತಲೆಯ ಮೇಲೆ, ರ್‍ಯಾಕಿನ ತುದಿಯಲ್ಲಿ ಯಾರೋ ಅರ್ಧ ಹೊರಗೆ ಇಟ್ಟು ಹೋಗಿದ್ದ ಜೇನುತುಪ್ಪದ ಬಾಟಲಿಗಳ ಬಾಕ್ಸು. ಜೊತೆಗಾತಿಯ ಕೈ ತಾಗಿದಾಗಲೆಲ್ಲ ರ್‍ಯಾಕು ಸ್ವಲ್ಪ ಅಲುಗುತ್ತಿತ್ತು, ಬಾಕ್ಸು ಸ್ವಲ್ಪ ಜಾರುತ್ತಿತ್ತು. ಅಕ್ಕ ಅದನ್ನು ನೋಡಿದಳು. ಕನಸಿನಲ್ಲಿ ಆಗುತ್ತದಲ್ಲ, ಎಲ್ಲ ನಿಧಾನಕ್ಕೆ, ನಮ್ಮ ಕಾಲು ಮಾತ್ರ ನೆಲಕ್ಕೆ ಅಂಟಿಕೊಂಡ ಹಾಗೆ, ಹಾಗೆ ಆಯಿತಂತೆ. ಹೆಸರು ಹಿಡಿದು ಕೂಗಲು ಬಾಯಿ ತೆರೆದಳು. ಗಂಟಲಿನಿಂದ ಬರೀ ಗಾಳಿ ಬಂತು. ಮತ್ತೆ ತೆರೆದಳು, ಮತ್ತೂ ಗಾಳಿ. ಬಾಕ್ಸು ಬಿತ್ತು.

ಜೊತೆಗಾತಿ ಏಣಿಯಿಂದ ಉರುಳಿದಳು. ಪುಣ್ಯಕ್ಕೆ ಪೆಟ್ಟು ತಲೆಗಲ್ಲ, ಭುಜಕ್ಕೆ. ಮೂಳೆ ಮುರಿಯಲಿಲ್ಲ, ಊದಿಕೊಂಡಿತು ಅಷ್ಟೆ. ಒಡೆದ ಬಾಟಲಿಗಳಿಂದ ಜೇನು ಹರಿದು ಬಂದು ಅಕ್ಕನ ಚಪ್ಪಲಿಯನ್ನು ಮುಟ್ಟಿತು. ಆ ಅರೆಬೆಳಕಿನಲ್ಲಿ ನೆಲವೆಲ್ಲ ಹೊಂಬಣ್ಣವಾಗಿ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ಅದನ್ನು ನೆನೆದರೇ ನಾಚಿಕೆಯಾಗುತ್ತದೆ ಎಂದಳು ಅಕ್ಕ. ಜೊತೆಗಾತಿ ಭುಜ ಹಿಡಿದುಕೊಂಡು ಕೂತು ಕೇಳಿದ ಮಾತು ಅವಳನ್ನು ಇರಿದುಬಿಟ್ಟಿತು.

"ನೋಡ್ತಾ ನಿಂತಿದ್ಯಲ್ಲ, ಒಂದು ಕೂಗು ಹಾಕಬಾರದಿತ್ತಾ?"

ಅಕ್ಕ ಮನೆಗೆ ಬಂದಳು. ಭಾವ ಆಗಲೇ ಬಂದು ಬಲಮಗ್ಗುಲಾಗಿ ಮಲಗಿದ್ದರು. ಕೋಣೆಯ ಬಾಗಿಲಲ್ಲಿ ನಿಂತು ಅವರ ಬೆನ್ನನ್ನು ನೋಡುತ್ತಿದ್ದಳಂತೆ. ಪರದೆ ಉಸಿರಾಡುವ ಹಾಗೆ ಉಬ್ಬುತ್ತ ಇಳಿಯುತ್ತ ಇತ್ತು. ತನ್ನ ದನಿ ನಿಜವಾಗಿಯೂ ಹೋಗಿಬಿಟ್ಟಿದೆಯೋ ಏನೋ ಎಂಬ ಭಯ ಅವಳಿಗೆ. ಪರೀಕ್ಷೆ ಮಾಡಲು ಬೇರೆ ಜಾಗವಿರಲಿಲ್ಲವೇ ಎಂದು ಆಮೇಲೆ ನಾನು ಕೇಳಿದೆ. ಬೇರೆ ಯಾರನ್ನು ಕರೆಯಲಿ ಎಂದಳು.

ರೀ ಎಂದಳು, ಮೆಲ್ಲಗೆ. ಅವರು ಅಲುಗಲಿಲ್ಲ. ಸ್ವಲ್ಪ ಜೋರಾಗಿ ರೀ ಎಂದಳು. ಇಲ್ಲ. ಎದೆಯಲ್ಲಿ ಗಾಳಿ ತುಂಬಿಕೊಂಡು, ಕಣ್ಣು ಮುಚ್ಚಿಕೊಂಡು, ಮಹಡಿಯ ಮೇಲಿಂದ ನನ್ನನ್ನು ಕೂಗುತ್ತಿದ್ದ ಹಾಗೆ ಕೂಗಿದಳು. ಭಾವ ನಿದ್ದೆಯಲ್ಲೇ ಒಮ್ಮೆ ಕೆನ್ನೆ ತುರಿಸಿಕೊಂಡರು. ಹಾಗಾದರೆ ದನಿ ಬರಲೇ ಇಲ್ಲ, ಕೂಗಿದೆ ಎಂದುಕೊಂಡದ್ದೂ ಬರೀ ಭ್ರಮೆ ಎಂದು ಅಕ್ಕ ಗಂಟಲು ಹಿಡಿದುಕೊಂಡು ನೆಲದ ಮೇಲೆ ಕುಸಿದು ಕೂತಳು. ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದು. ಕೆಳಗಿನ ಮನೆಯ ಡ್ರೈವರನ ಹೆಂಡತಿ ಕೈಯಲ್ಲಿ ಸೌಟು ಹಿಡಿದುಕೊಂಡೇ ಓಡಿ ಬಂದಿದ್ದಳು. ಏನಾಯ್ತು, ಯಾರಿಗೇನಾಯ್ತು, ಬೀದಿಯವರೆಲ್ಲ ಮೇಲೆ ನೋಡ್ತಿದ್ದಾರೆ ಎಂದಳು.

ಅವಳನ್ನು ಹೇಗೋ ಸಮಾಧಾನ ಮಾಡಿ ಕಳಿಸಿ ಅಕ್ಕ ಒಳಗೆ ಬಂದಳು. ಭಾವನ ತಲೆಯ ಹಿಂದೆ ನಿಂತು ಚಪ್ಪಾಳೆ ತಟ್ಟಿದಳು. ಸ್ಟೀಲಿನ ತಟ್ಟೆಯೊಂದನ್ನು ತಂದು ಬೇಕೆಂದೇ ನೆಲಕ್ಕೆ ಬಿಟ್ಟಳು. ಅದು ಗಿರಗಿರ ತಿರುಗಿ ನಿಲ್ಲುವವರೆಗೂ ಅವರ ಉಸಿರು ಒಂದೇ ಸಮ ಇತ್ತು. ಕೊನೆಗೆ ಮಂಚದ ತುದಿಯಲ್ಲಿ ಹಗುರವಾಗಿ ಕೂತಳು. ಹಾಸಿಗೆ ತುಸು ಅಲುಗಿತು ನೋಡಿ, ಭಾವ ಥಟ್ಟನೆ ಕಣ್ಣು ಬಿಟ್ಟರು. ಏನು ಎನ್ನುವಂತೆ ಹುಬ್ಬು ಹಾರಿಸಿದರು. ಅಕ್ಕ ಅಂಗೈಯನ್ನು ಕೆನ್ನೆಗೆ ಒತ್ತಿ, ಮಲಗಿ ಎಂದು ಸನ್ನೆ ಮಾಡಿದಳು.

ಅಲ್ಲಿಂದ ನೇರ ಅಂಗಡಿಗೆ ಹೋದಳಂತೆ. ಮ್ಯಾನೇಜರ್ ಮೇಡಂ ಎಣ್ಣೆಯ ಡಬ್ಬಗಳ ಹತ್ತಿರ ಯಾರ ಜೊತೆಗೋ ಮಾತಾಡುತ್ತಿದ್ದಳು. ಅಕ್ಕ ಬಾಗಿಲಿನಿಂದಲೇ ನನಗೆ ಕೌಂಟರ್ ಕೊಡಿ ಎಂದಳು. ಹೊಸದಾಗಿ ಬಂದ ದನಿಯ ಅಳತೆ ಇನ್ನೂ ಗೊತ್ತಿರಲಿಲ್ಲವಲ್ಲ, ಅಂಗಡಿಗೆ ಅಂಗಡಿಯೇ ತಿರುಗಿ ನೋಡಿತು. ಕೌಂಟರ್ ಕೊಡುತ್ತೇನೆ, ಆದರೆ ಅಷ್ಟು ಜೋರು ಬೇಡ ಎಂದಳಂತೆ ಮ್ಯಾನೇಜರ್ ಮೇಡಂ.

ಆಮೇಲೆ ನನ್ನ ಹೊಲಿಗೆ ಅಂಗಡಿಗೆ ಬಂದಳು. ಬಂದವಳೇ ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ನಾನು ಯಂತ್ರ ನಿಲ್ಲಿಸಲಿಲ್ಲ. ಅದರ ಗದ್ದಲದ ಮೇಲೂ ಅವಳ ಮಾತು ಒಂದೊಂದೂ ಸ್ಪಷ್ಟವಾಗಿ ಕೇಳುತ್ತಿತ್ತು. ಎಷ್ಟು ವರ್ಷವಾಗಿತ್ತೋ ಆ ದನಿ ಕೇಳಿ. ನನಗೆ ಖುಷಿಯೂ ಆಯಿತು, ಅಳುವೂ ಬಂತು. ಸಂಜೆ ನನ್ನ ಜೊತೆ ಬಾ, ಒಬ್ಬಳೇ ಅವರನ್ನು ಕೇಳಲಾರೆ ಎಂದಳು.

ಹೋದಾಗ ಭಾವ ಎದ್ದು ಕಿಟಕಿಯ ಪಕ್ಕ ಕೂತಿದ್ದರು. ಅಕ್ಕ ಚಹಾದ ಲೋಟ ಅವರ ಕೈಗೆ ಕೊಟ್ಟು, ಪರದೆಯನ್ನು ಸರ್ರನೆ ಎಳೆದು ಬದಿಗೆ ಸರಿಸಿದಳು. ಕೋಣೆಯೊಳಗೆ ಸಂಜೆಯ ಬಿಸಿಲು ಬಂದು ತುಂಬಿತು. ಕುರ್ಚಿ ಎಳೆದುಕೊಂಡು ಎದುರಿಗೆ ಕೂತು, ಬಾಯಿ ತುಂಬ ಕೇಳಿದಳು.

"ನಿಮಗೆ ಕಿವಿ ಕೇಳಿಸಲ್ವಾ?"

ಭಾವ ಮೊದಲು ನನ್ನ ಮುಖ ನೋಡಿದರು. ಆಮೇಲೆ ಲೋಟ ನೋಡಿದರು. ಎಡಗಿವಿ ಹೋಗಿ ಬಹಳ ಕಾಲವಾಯಿತು, ಬಲಗಿವಿಯಲ್ಲಿ ಒಂದಿಷ್ಟು ಉಳಿದಿದೆ ಎಂದು ಒಪ್ಪಿಕೊಂಡರು. ಪ್ರೆಸ್ಸಿನ ಯಂತ್ರದ ಪಕ್ಕ ನಿಂತವರಿಗೆಲ್ಲ ಹೀಗೇ ಆಗುತ್ತದೆ, ಹೇಳಿದರೆ ರಾತ್ರಿ ಪಾಳಿಯಿಂದ ತೆಗೆದುಹಾಕುತ್ತಾರೆ ಎಂದು ಬಾಯಿ ಮುಚ್ಚಿಕೊಂಡಿದ್ದರಂತೆ. ಮನೆಯಲ್ಲಿ ಸನ್ನೆಯಲ್ಲೇ ಎಲ್ಲ ನಡೆಯುತ್ತಿದ್ದುದರಿಂದ ಯಾರಿಗೂ ತಿಳಿಯಲಿಲ್ಲ. ತುಟಿ ನೋಡಿ ಒಂದಿಷ್ಟು ಊಹಿಸಿ, ಉಳಿದದ್ದಕ್ಕೆ ತಲೆಯಾಡಿಸಿದರೆ ಸಾಕಾಗುತ್ತಿತ್ತು.

"ನೀನು ಅಷ್ಟು ಮೆತ್ತಗೆ ಮಾತಾಡ್ತಿದ್ದದ್ದು ನನಗೋಸ್ಕರ ಅಂತ ಗೊತ್ತಿತ್ತು. ಜೋರಾಗಿ ಹೇಳು ಅನ್ನೋಕೆ ಮನಸ್ಸು ಬರ್ಲಿಲ್ಲ," ಎಂದರು.

ನನಗೆ ಇಬ್ಬರನ್ನೂ ಹಿಡಿದು ನಾಲ್ಕು ಬಾರಿಸಬೇಕು ಅನ್ನಿಸಿತು. ಅಕ್ಕ ಮಾತ್ರ ನಗುತ್ತಿದ್ದಳು. ಕೌಂಟರಿನ ಕೆಲಸ ಹಿಡಿದದ್ದನ್ನು ಹೇಳಿದಳು, ನೀವೇ ಹಾಗೇ ಮಾಡು ಅಂದಿರಲ್ಲ ಎಂದು ಕಿಚಾಯಿಸಿದಳು. ಹಗಲೆಲ್ಲ ಅಲ್ಲಿ ಕೂಗಿ ಕೂಗಿ ರೂಢಿ ಮಾಡಿಕೊಂಡು ಬರುತ್ತೇನೆ, ಸಂಜೆ ನೀವು ಹೊರಡುವ ಮುಂಚೆ ಅದೇ ದನಿಯಲ್ಲಿ ನಿಮ್ಮ ಜೊತೆ ಮಾತಾಡುತ್ತೇನೆ ಎಂದಳು. ಭಾವ ಅವಳ ತುಟಿ ನೋಡುವುದನ್ನು ಬಿಟ್ಟು ಕಣ್ಣು ನೋಡುತ್ತಿದ್ದರು. ಇಷ್ಟು ವರ್ಷದಲ್ಲಿ ನಾನು ಏನೇನು ಕೇಳಿಸಿಕೊಂಡಿಲ್ಲ, ಹೇಳು ಎಂದರು.

ಅಕ್ಕ ಹೇಳುತ್ತ ಹೋದಳು. ಮಗಳ ಮೊದಲ ಹಲ್ಲು ಬಿದ್ದ ದಿನ ಹೇಳಿದ್ದು. ಒಂದು ಸಲ ಸಿಟ್ಟಿನಲ್ಲಿ, ನಿಮ್ಮನ್ನು ಕಟ್ಟಿಕೊಂಡು ಕೆಟ್ಟೆ ಅಂದದ್ದು. ಅದಕ್ಕೂ ಅವರು ಹೂಂ ಅಂದಿದ್ದರಂತೆ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತ ನಗುತ್ತ ಅಕ್ಕ ತಲೆ ತಗ್ಗಿಸಿದಳು. ಬಿಸಿಲು ಅವಳ ಮಡಿಲಿನಿಂದ ನೆಲಕ್ಕೆ ಇಳಿಯುತ್ತಿತ್ತು. ಅವಳು ಅದನ್ನೇ ನೋಡುತ್ತ, ಆದರೆ ದನಿ ತಗ್ಗಿಸದೆ ಹೇಳಿದಳು.

"ಮಗಳನ್ನ ಸ್ಕೂಲಿಗೆ ಸೇರಿಸಿದ ವರ್ಷ ಇನ್ನೊಂದು ಮಗು ನಿಂತಿತ್ತು. ಯಾರಿಗೂ ಹೇಳಿರ್ಲಿಲ್ಲ. ಒಂದು ರಾತ್ರಿ ನೀವು ಕೆಲಸಕ್ಕೆ ಹೋದಾಗ ಅದು ಹೋಗ್ಬಿಡ್ತು. ಬೆಳಿಗ್ಗೆ ನೀವು ಇಲ್ಲೇ ಕೂತಿದ್ರಿ. ಹೇಳ್ದೆ. ನೀವು ತಲೆಯಾಡಿಸಿ, ಲೋಟ ಇಟ್ಟು, ಮಲಗೋಕೆ ಹೋದ್ರಿ."

ಅಂದಿನಿಂದ ಇವರಿಗೆ ಹೇಳಲು ತನ್ನ ಹತ್ತಿರ ಇನ್ನೇನೂ ಇಲ್ಲ ಅನ್ನಿಸಿತು ಎಂದಳು. ನಾನು ಅವಳ ಒಡಹುಟ್ಟಿದವಳು, ವಾರಕ್ಕೊಮ್ಮೆ ಆ ಮನೆಗೆ ಹೋಗಿ ಬರುವವಳು, ನನಗೂ ಇದು ಗೊತ್ತಿರಲಿಲ್ಲ. ಭಾವ ಕುರ್ಚಿಯಿಂದ ಇಳಿದು ಅವಳ ಎದುರು ನೆಲದ ಮೇಲೆ ಕೂತರು. ಅವಳ ಎರಡೂ ಕೈಗಳನ್ನು ತೆಗೆದುಕೊಂಡು ತಮ್ಮ ಮುಖಕ್ಕೆ ಒತ್ತಿಕೊಂಡರು. ಅವರ ಹೆಗಲು ಅಲುಗುತ್ತಿತ್ತು, ಸದ್ದು ಮಾತ್ರ ಇರಲಿಲ್ಲ. ಅಕ್ಕ ಅವರ ಬಲಗಿವಿಯ ಹತ್ತಿರ ಬಾಗಿ ಏನೋ ಹೇಳಿದಳು. ಅದನ್ನು ಕೇಳಿಸಿಕೊಳ್ಳಬಾರದೆಂದು ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟೆ.

ಕತ್ತಲಾಗುವ ಹೊತ್ತಿಗೆ ಭಾವನನ್ನು ಕರೆದೊಯ್ಯುವ ಪ್ರೆಸ್ಸಿನ ವ್ಯಾನು ಬಂದು ಕೆಳಗೆ ಹಾರ್ನ್ ಹೊಡೆಯಿತು. ಭಾವ ಏಳಲಿಲ್ಲ. ವ್ಯಾನಿನವನು ಮತ್ತೆ ಹೊಡೆದ, ಉದ್ದಕ್ಕೆ. ಅಕ್ಕ ಅವರ ತಲೆಯನ್ನು ಮೆಲ್ಲಗೆ ಮಡಿಲಿನಿಂದ ಸರಿಸಿ, ಎದ್ದು ಕಿಟಕಿಗೆ ಹೋದಳು. ಎರಡೂ ಬಾಗಿಲು ತೆರೆದು ಹೊರಗೆ ಬಾಗಿ, ಬೀದಿಯ ಆ ತುದಿಗೂ ಕೇಳುವ ಹಾಗೆ ಹೇಳಿದಳು.

"ಅವರು ಇವತ್ತು ಬರಲ್ಲ. ನೀವು ಹೊರಡಿ."